ಡಿಪ್ಲೊಮಾ ದಾರಿಯಿಂದ ಆಸ್ಟ್ರೇಲಿಯಾದ ಬಿಸಿನೆಸ್, ಕಾಮರ್ಸ್ ಪದವಿಗೆ: ಹಂತ ಹಂತವಾಗಿ

ಪಿಯುಸಿ ಮುಗಿದಿದೆ. ಆಸ್ಟ್ರೇಲಿಯಾದಲ್ಲಿ ಬಿಸಿನೆಸ್ ಅಥವಾ ಕಾಮರ್ಸ್ ಓದುವ ಆಸೆ ಇದೆ. ಆದರೆ ಯೂನಿವರ್ಸಿಟಿ ಕೇಳುವಷ್ಟು ಅಂಕ ಬಂದಿಲ್ಲ. ಇಲ್ಲವೇ ಐಇಎಲ್‌ಟಿಎಸ್‌ನಲ್ಲಿ ಅರ್ಧ ಬ್ಯಾಂಡ್ ಕಡಿಮೆಯಾಗಿದೆ. ಇಂಥ ಮಕ್ಕಳಿಗೆ ಕನ್ಸಲ್ಟೆನ್ಸಿಯವರು ಮೊದಲು ಹೇಳುವ ಮಾತು, "ಡಿಪ್ಲೊಮಾಗೆ ಸೇರಿ, ಆಮೇಲೆ ನೇರವಾಗಿ ಎರಡನೇ ವರ್ಷಕ್ಕೆ ಹೋಗಬಹುದು."

ಈ ಮಾತು ನಿಜವೂ ಆಗಬಹುದು, ಅರ್ಧ ನಿಜವೂ ಆಗಬಹುದು. ಯಾವ ಡಿಪ್ಲೊಮಾ, ಯಾವ ಯೂನಿವರ್ಸಿಟಿ, ಯಾವ ಪದವಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಈ ಲೇಖನದಲ್ಲಿ ನಾನು ಹೇಳುವ ಮುಖ್ಯ ವಿಷಯ ಒಂದೇ: ಡಿಪ್ಲೊಮಾದಿಂದ ಶುರು ಮಾಡಬೇಡಿ. ಮೊದಲು ಪದವಿ ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಆ ಪದವಿಯ ಯಾವ ಯಾವ ವಿಷಯಗಳನ್ನು ಈ ಡಿಪ್ಲೊಮಾ ಮುಗಿಸಿಕೊಡುತ್ತದೆ ಅನ್ನುವುದರಲ್ಲೇ ಅದರ ಬೆಲೆ ಇರುವುದು.

ಹಂತ 1: ಮೆಟ್ಟಿಲುಗಳನ್ನು ಗುರುತಿಸಿ

ಆಸ್ಟ್ರೇಲಿಯಾದಲ್ಲಿ ಎಲ್ಲ ಓದನ್ನೂ 10 ಮಟ್ಟಗಳಾಗಿ ವಿಂಗಡಿಸಿದ್ದಾರೆ. ಇದಕ್ಕೆ ಎಕ್ಯೂಎಫ್ ಅಂತ ಹೆಸರು. ಸರ್ಟಿಫಿಕೇಟ್‌ಗಳು 1ರಿಂದ 4. ಡಿಪ್ಲೊಮಾ 5. ಅಡ್ವಾನ್ಸ್‌ಡ್ ಡಿಪ್ಲೊಮಾ ಮತ್ತು ಅಸೋಸಿಯೇಟ್ ಡಿಗ್ರಿ 6. ಬ್ಯಾಚುಲರ್ ಪದವಿ 7. ಮಾಸ್ಟರ್ಸ್ 9, ಡಾಕ್ಟರೇಟ್ 10.

5ರ ಮಟ್ಟದಲ್ಲಿ ಎರಡು ಬೇರೆ ಬೇರೆ ಬಗೆಯ ಡಿಪ್ಲೊಮಾಗಳಿವೆ. ಹೆಸರು ಎರಡಕ್ಕೂ 'ಡಿಪ್ಲೊಮಾ ಆಫ್ ಬಿಸಿನೆಸ್' ಅಂತಲೇ ಇರಬಹುದು. ಮನೆಯವರು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ಪಾಥ್‌ವೇ ಕಾಲೇಜಿನ ಡಿಪ್ಲೊಮಾ. ಒಂದು ಯೂನಿವರ್ಸಿಟಿಯ ಜೊತೆ ನೇರ ನಂಟು ಇಟ್ಟುಕೊಂಡ ಕಾಲೇಜು ಇದನ್ನು ನಡೆಸುತ್ತದೆ. ಪದವಿಯ ಮೊದಲ ವರ್ಷದ ವಿಷಯಗಳನ್ನೇ ಸಣ್ಣ ತರಗತಿಯಲ್ಲಿ, ಹೆಚ್ಚು ಗಂಟೆ ಕೊಟ್ಟು ಕಲಿಸುತ್ತಾರೆ. ಮೊನಾಶ್ ಯೂನಿವರ್ಸಿಟಿಗೆ ಮೊನಾಶ್ ಕಾಲೇಜು ಇದೆ. ಸಿಡ್ನಿಯ ಯುಟಿಎಸ್‌ಗೆ ಯುಟಿಎಸ್ ಕಾಲೇಜು ಇದೆ. ಡೀಕಿನ್ ಕಾಲೇಜು, ಕರ್ಟಿನ್ ಕಾಲೇಜು, ಗ್ರಿಫಿತ್ ಕಾಲೇಜುಗಳನ್ನು ನವಿಟಾಸ್ ಅನ್ನುವ ಸಂಸ್ಥೆ ಆಯಾ ಯೂನಿವರ್ಸಿಟಿಗಳ ಜೊತೆ ಸೇರಿ ನಡೆಸುತ್ತದೆ. ಇವುಗಳ ಮೇಲ್ವಿಚಾರಣೆ ಮಾಡುವುದು ಟೆಕ್ಸಾ, ಅಂದರೆ ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯೇ.

ಎರಡನೆಯದು ವೃತ್ತಿ ತರಬೇತಿಯ ಡಿಪ್ಲೊಮಾ. ಇದನ್ನು ಸರ್ಕಾರಿ ಟೇಫ್ ಕಾಲೇಜುಗಳಲ್ಲಿ ಮತ್ತು ಖಾಸಗಿ ತರಬೇತಿ ಸಂಸ್ಥೆಗಳಲ್ಲಿ ಕಲಿಸುತ್ತಾರೆ. ಇವುಗಳನ್ನು ನೋಡಿಕೊಳ್ಳುವುದು ಆಸ್ಕ್ವಾ ಅನ್ನುವ ಬೇರೆ ಸಂಸ್ಥೆ. ಗುರುತು ಹಿಡಿಯುವುದು ಸುಲಭ. ಕೋರ್ಸಿನ ಹೆಸರಿನ ಹಿಂದೆ ಬಿಎಸ್‌ಬಿ50120 ತರಹದ ಕೋಡ್ ಇದ್ದರೆ ಅದು ವೃತ್ತಿ ತರಬೇತಿಯದು. ಬಿಎಸ್‌ಬಿ ಅಂದರೆ ಬಿಸಿನೆಸ್ ವಿಭಾಗ. ಅಕೌಂಟಿಂಗ್ ಡಿಪ್ಲೊಮಾಗಳ ಕೋಡ್ ಎಫ್‌ಎನ್‌ಎಸ್ ಅಂತ ಶುರುವಾಗುತ್ತದೆ.

ಇವೆರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಅಂತ ನಾನು ಹೇಳುತ್ತಿಲ್ಲ. ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಟೇಫ್ ಡಿಪ್ಲೊಮಾ ತುಂಬಾ ಒಳ್ಳೆಯದು, ಶುಲ್ಕವೂ ಕಡಿಮೆ. ಆದರೆ ಪದವಿಗೆ ಹೋಗುವುದೇ ಗುರಿಯಾಗಿದ್ದರೆ ಇವೆರಡೂ ನಿಮ್ಮನ್ನು ಬೇರೆ ಬೇರೆ ಜಾಗಕ್ಕೆ ತಲುಪಿಸುತ್ತವೆ. ಒಂದು ಕಾರಣ ನೋಡಿ. ವೃತ್ತಿ ತರಬೇತಿಯಲ್ಲಿ ಸಾಮಾನ್ಯವಾಗಿ ಅಂಕ ಕೊಡುವುದಿಲ್ಲ. ಕೆಲಸ ಬರುತ್ತದೆ ಅಥವಾ ಇನ್ನೂ ಬರುವುದಿಲ್ಲ, ಎರಡೇ ಫಲಿತಾಂಶ. ಯೂನಿವರ್ಸಿಟಿಯವರು 'ಸರಾಸರಿ 65 ಬೇಕು' ಅಂತ ಕೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಅಂಕವೇ ಇರುವುದಿಲ್ಲ, ಅಲ್ವಾ?

ಇವುಗಳ ಜೊತೆ ಫೌಂಡೇಶನ್ ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಅದು 12ನೇ ತರಗತಿಗೆ ಸಮ. ಅದನ್ನು ಮುಗಿಸಿದರೆ ಪದವಿಯ ಮೊದಲ ವರ್ಷಕ್ಕೆ ಹೋಗುತ್ತೀರಿ, ಎರಡನೆಯದಕ್ಕಲ್ಲ. ಕೆಲವು ಕಾಲೇಜುಗಳು ಡಿಪ್ಲೊಮಾವನ್ನೇ ಎರಡು ಭಾಗ ಮಾಡಿವೆ. ಮೊನಾಶ್ ಕಾಲೇಜಿನಲ್ಲಿ ಮೊದಲ ಭಾಗ ತಯಾರಿಗೆ, ಎರಡನೇ ಭಾಗ ಪದವಿಯ ಮೊದಲ ವರ್ಷಕ್ಕೆ ಸಮ. ನಿಮಗೆ ಸಿಕ್ಕಿರುವ ಆಫರ್ ಯಾವ ಭಾಗಕ್ಕೆ ಅಂತ ನೋಡಿಕೊಳ್ಳಿ. ಒಂದು ವರ್ಷದ ವ್ಯತ್ಯಾಸ ಅಲ್ಲೇ ಇರುತ್ತದೆ. ಪಿಯುಸಿ ಮುಗಿಸಿದ ಹೆಚ್ಚಿನ ಮಕ್ಕಳಿಗೆ ಫೌಂಡೇಶನ್ ಬೇಕಾಗುವುದಿಲ್ಲ. ಪಿಯುಸಿ ಅಂಕ ತೀರಾ ಕಡಿಮೆ ಇದ್ದರೆ ಅಥವಾ ಆ ಯೂನಿವರ್ಸಿಟಿಯಲ್ಲಿ ಡಿಪ್ಲೊಮಾ ದಾರಿಯೇ ಇಲ್ಲದಿದ್ದರೆ ಮಾತ್ರ ಅದರ ಬಗ್ಗೆ ಯೋಚಿಸಿ. ಉದಾಹರಣೆಗೆ ಮೆಲ್ಬರ್ನ್ ಯೂನಿವರ್ಸಿಟಿಯ ಕಾಮರ್ಸ್ ಪದವಿಗೆ ಹೋಗಲು ಹಲವರು ಟ್ರಿನಿಟಿ ಕಾಲೇಜಿನ ಫೌಂಡೇಶನ್ ದಾರಿ ಹಿಡಿಯುತ್ತಾರೆ.

ಹಂತ 2: ಬಿಸಿನೆಸ್ಸಾ, ಕಾಮರ್ಸಾ? ಮೊದಲೇ ತೀರ್ಮಾನ ಮಾಡಿ

ನಮ್ಮ ಕಡೆ ಬಿ.ಕಾಂ, ಬಿಬಿಎ ಅಂತ ಎರಡು ದಾರಿ ಇರುವ ಹಾಗೆ ಅಲ್ಲೂ ಬ್ಯಾಚುಲರ್ ಆಫ್ ಕಾಮರ್ಸ್ ಮತ್ತು ಬ್ಯಾಚುಲರ್ ಆಫ್ ಬಿಸಿನೆಸ್ ಇವೆ. ಎರಡನ್ನೂ ನಡೆಸುವ ಯೂನಿವರ್ಸಿಟಿಗಳಲ್ಲಿ ಕಾಮರ್ಸ್ ಸಾಮಾನ್ಯವಾಗಿ ಲೆಕ್ಕದ ಕಡೆ ವಾಲುತ್ತದೆ. ಫೈನಾನ್ಸ್, ಎಕನಾಮಿಕ್ಸ್, ಅಂಕಿಅಂಶ, ಅಕೌಂಟಿಂಗ್ ಅಲ್ಲಿ ಜಾಸ್ತಿ. ಬಿಸಿನೆಸ್ ಪದವಿ ಮಾರ್ಕೆಟಿಂಗ್, ಮ್ಯಾನೇಜ್‌ಮೆಂಟ್, ಮಾನವ ಸಂಪನ್ಮೂಲದ ಕಡೆ ಬರುತ್ತದೆ. ಆದರೆ ಇದು ಎಲ್ಲ ಕಡೆಯ ನಿಯಮವಲ್ಲ. ಯುಟಿಎಸ್‌ನಲ್ಲಿ ಫೈನಾನ್ಸ್ ಓದಬೇಕಿದ್ದರೂ ಬ್ಯಾಚುಲರ್ ಆಫ್ ಬಿಸಿನೆಸ್‌ಗೇ ಸೇರಬೇಕು. ಹಾಗಾಗಿ ಪದವಿಯ ಹೆಸರು ನೋಡಬೇಡಿ. ಒಳಗಿರುವ 'ಮೇಜರ್', ಅಂದರೆ ನೀವು ಆಳವಾಗಿ ಓದುವ ಮುಖ್ಯ ವಿಭಾಗ ನೋಡಿ.

ಇದನ್ನು ಡಿಪ್ಲೊಮಾಗೆ ಮೊದಲೇ ತೀರ್ಮಾನಿಸಬೇಕು ಅನ್ನಲು ಕಾರಣ ಇದೆ. ಒಂದೇ ಡಿಪ್ಲೊಮಾ ಮುಗಿಸಿದವರಿಗೆ ಎರಡು ಪದವಿಗಳ ಬಾಗಿಲು ಬೇರೆ ಬೇರೆ ಅಂಕಕ್ಕೆ ತೆರೆಯಬಹುದು. ಬಿಸಿನೆಸ್‌ಗೆ ಬರೀ ಪಾಸಾದರೆ ಸಾಕು, ಕಾಮರ್ಸ್‌ಗೆ ಸರಾಸರಿ ಅದಕ್ಕಿಂತ ಹೆಚ್ಚು ಬೇಕು ಅನ್ನುವ ವ್ಯವಸ್ಥೆ ಸಾಮಾನ್ಯ. ಗಣಿತದ ವಿಷಯ ಕಡ್ಡಾಯ ಅನ್ನುವ ಷರತ್ತೂ ಇರಬಹುದು. ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಇದ್ದವರಿಗೆ ಮೊದಲ ವರ್ಷದ ಅಂಕಿಅಂಶದ ವಿಷಯ ಕಷ್ಟವಾಗುವುದಿಲ್ಲ. ಹೆಬಾ ತೆಗೆದುಕೊಂಡು ಎರಡು ವರ್ಷ ಗಣಿತದ ಮುಖವನ್ನೇ ನೋಡದವರು ಹೊರಡುವ ಮೊದಲು ಒಂದೆರಡು ತಿಂಗಳು ಬೀಜಗಣಿತ, ಗ್ರಾಫ್, ಸಂಭವನೀಯತೆ ಓದಿಕೊಂಡು ಹೋಗಿ. ಡಿಪ್ಲೊಮಾದ ತರಗತಿಗಳು ಓಟದ ವೇಗದಲ್ಲಿ ಸಾಗುತ್ತವೆ. ಅಲ್ಲಿಗೆ ಹೋಗಿ ಕಲಿಯೋಣ ಅಂದುಕೊಂಡರೆ ಸಮಯ ಸಿಗುವುದಿಲ್ಲ.

ಅಕೌಂಟೆಂಟ್ ಆಗಬೇಕು ಅನ್ನುವವರಿಗೆ ಇನ್ನೊಂದು ಮಾತು. ಸಿಪಿಎ ಆಸ್ಟ್ರೇಲಿಯಾ ಮತ್ತು ಚಾರ್ಟರ್ಡ್ ಅಕೌಂಟೆಂಟ್ಸ್ ಆಸ್ಟ್ರೇಲಿಯಾ ಅಂಡ್ ನ್ಯೂಜಿಲೆಂಡ್ ಅಲ್ಲಿನ ದೊಡ್ಡ ವೃತ್ತಿ ಸಂಸ್ಥೆಗಳು. ಇವು ಕೆಲವು ಪದವಿಗಳ ಅಕೌಂಟಿಂಗ್ ಮೇಜರ್‌ಗಳಿಗೆ ಮಾನ್ಯತೆ ಕೊಟ್ಟಿರುತ್ತವೆ. ಮಾನ್ಯತೆ ಇದ್ದರೂ ಕಂಪನಿ ಕಾನೂನು, ತೆರಿಗೆ, ಆಡಿಟ್ ಹೀಗೆ ಕೆಲವು ವಿಷಯಗಳನ್ನು ನೀವು ಓದಿರಲೇಬೇಕು. ಇವುಗಳಲ್ಲಿ ಕೆಲವು ಐಚ್ಛಿಕವಾಗಿರುತ್ತವೆ. ಪಟ್ಟಿಯನ್ನು ಈಗಲೇ ಇಳಿಸಿಟ್ಟುಕೊಳ್ಳಿ.

ಹಂತ 3: ಕ್ರೆಡಿಟ್ ಲೆಕ್ಕ ಹಾಕಿ

ಇಡೀ ವಿಷಯದ ತಿರುಳು ಇಲ್ಲಿದೆ. ಕ್ರೆಡಿಟ್ ಅಂದರೆ, ನೀವು ಈಗಾಗಲೇ ಓದಿದ್ದನ್ನು ಒಪ್ಪಿಕೊಂಡು ಪದವಿಯ ಇಷ್ಟು ವಿಷಯ ಓದಬೇಕಿಲ್ಲ ಅಂತ ಯೂನಿವರ್ಸಿಟಿ ಕಳೆದುಕೊಡುವುದು. ಮೂರು ವರ್ಷದ ಬಿಸಿನೆಸ್ ಅಥವಾ ಕಾಮರ್ಸ್ ಪದವಿಯಲ್ಲಿ ಸಾಮಾನ್ಯವಾಗಿ 24 ವಿಷಯಗಳು. ಸೆಮಿಸ್ಟರ್‌ಗೆ 4, ವರ್ಷಕ್ಕೆ 8. ವಿಷಯದ ತೂಕ ಹೇಳುವ ಕ್ರೆಡಿಟ್ ಪಾಯಿಂಟ್‌ಗಳ ಲೆಕ್ಕ ಒಂದೊಂದು ಯೂನಿವರ್ಸಿಟಿಯಲ್ಲಿ ಒಂದೊಂದು ಥರ. ಮೊನಾಶ್‌ನಲ್ಲಿ ಒಂದು ವಿಷಯಕ್ಕೆ 6 ಪಾಯಿಂಟ್, ಪದವಿಗೆ 144. ವೆಸ್ಟರ್ನ್ ಸಿಡ್ನಿ ಯೂನಿವರ್ಸಿಟಿಯಲ್ಲಿ ವಿಷಯಕ್ಕೆ 10, ಪದವಿಗೆ 240. ಡೀಕಿನ್‌ನಲ್ಲಿ ವಿಷಯಕ್ಕೆ 1, ಪದವಿಗೆ 24. ಈ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸಲು ಹೋಗಬೇಡಿ. 'ಎಷ್ಟು ವಿಷಯ ಕಳೆಯುತ್ತದೆ' ಅಂತ ಮಾತ್ರ ಕೇಳಿ.

ಎಕ್ಯೂಎಫ್ ನೀತಿಯಲ್ಲಿ ಒಂದು ಮಾರ್ಗಸೂಚಿ ಇದೆ. ಡಿಪ್ಲೊಮಾ ಮುಗಿಸಿದವರಿಗೆ ಮೂರು ವರ್ಷದ ಪದವಿಯಲ್ಲಿ ಶೇ. 33, ನಾಲ್ಕು ವರ್ಷದ ಪದವಿಯಲ್ಲಿ ಶೇ. 25 ಕ್ರೆಡಿಟ್. ಅಡ್ವಾನ್ಸ್‌ಡ್ ಡಿಪ್ಲೊಮಾ ಅಥವಾ ಅಸೋಸಿಯೇಟ್ ಡಿಗ್ರಿಗೆ ಮೂರು ವರ್ಷದ ಪದವಿಯಲ್ಲಿ ಶೇ. 50. ಶೇ. 33 ಅಂದರೆ 24ರಲ್ಲಿ 8 ವಿಷಯ, ಒಂದು ಪೂರ್ತಿ ವರ್ಷ. ಆದರೆ ಇದು ಸಂಸ್ಥೆಗಳು ಒಪ್ಪಂದ ಮಾಡಿಕೊಳ್ಳುವಾಗ ಆಧಾರವಾಗಿ ಇಟ್ಟುಕೊಳ್ಳುವ ಸಂಖ್ಯೆ. ಕೌಂಟರಿನಲ್ಲಿ ಕೇಳಿ ಪಡೆಯುವ ಹಕ್ಕಲ್ಲ. ನಿಮ್ಮ ಡಿಪ್ಲೊಮಾಕ್ಕೂ ಆ ಪದವಿಗೂ ಸಂಬಂಧ ಇರಬೇಕು, ಸಂಸ್ಥೆಗಳ ನಡುವೆ ಒಪ್ಪಂದ ಇದ್ದರೆ ಇನ್ನೂ ಒಳ್ಳೆಯದು.

ಈಗ ಕ್ರೆಡಿಟ್ ಯಾವ ರೂಪದಲ್ಲಿ ಸಿಗುತ್ತದೆ ನೋಡಿ. ನಿಮ್ಮ ಡಿಪ್ಲೊಮಾದ ಮೈಕ್ರೋ ಎಕನಾಮಿಕ್ಸ್ ಓದಿಗೆ ಪದವಿಯ ಮೈಕ್ರೋ ಎಕನಾಮಿಕ್ಸ್ ವಿಷಯವನ್ನೇ ಕಳೆದುಕೊಟ್ಟರೆ ಅದು ನಿರ್ದಿಷ್ಟ ಕ್ರೆಡಿಟ್. ನಿರ್ದಿಷ್ಟ ವಿಷಯ ಹೆಸರಿಸದೆ 'ಮೊದಲ ವರ್ಷದ ಐಚ್ಛಿಕ ವಿಷಯಗಳು' ಅಂತ ಕಳೆದರೆ ಅದು ಅನಿರ್ದಿಷ್ಟ ಕ್ರೆಡಿಟ್. ಕಾಗದದ ಮೇಲೆ ಎರಡೂ 8 ವಿಷಯ ಅಂತಲೇ ಕಾಣುತ್ತದೆ. ಆದರೆ ಓದುವವರಿಗೆ ವ್ಯತ್ಯಾಸ ದೊಡ್ಡದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪದವಿಯಲ್ಲಿ 8 ಕಡ್ಡಾಯ ವಿಷಯ, 8 ಮೇಜರ್ ವಿಷಯ, 8 ಐಚ್ಛಿಕ ವಿಷಯ ಇವೆ ಅಂದುಕೊಳ್ಳಿ. ಪಾಥ್‌ವೇ ಡಿಪ್ಲೊಮಾ ಮುಗಿಸಿದವರಿಗೆ 8 ಕಡ್ಡಾಯ ವಿಷಯಗಳೇ ಕಳೆದವು. ಅವರು ನೇರವಾಗಿ ಎರಡನೇ ವರ್ಷದ ಮೇಜರ್‌ಗೆ ಹೋಗುತ್ತಾರೆ. ಐಚ್ಛಿಕ ವಿಷಯಗಳು ಉಳಿದಿರುವುದರಿಂದ ಇನ್ನೊಂದು ಮೇಜರನ್ನೂ ಸೇರಿಸಿಕೊಳ್ಳಬಹುದು. ವೃತ್ತಿ ತರಬೇತಿಯ ಡಿಪ್ಲೊಮಾ ಮುಗಿಸಿದ ಇನ್ನೊಬ್ಬರಿಗೆ 8 ಐಚ್ಛಿಕ ವಿಷಯಗಳು ಕಳೆದವು. ಅವರಿಗೂ ಉಳಿದದ್ದು 16ವೇ. ಆದರೆ ಅದರಲ್ಲಿ ಮೊದಲ ವರ್ಷದ 8 ಕಡ್ಡಾಯ ವಿಷಯಗಳು ಹಾಗೇ ನಿಂತಿವೆ. ಅಂಕಿಅಂಶ ಮುಗಿಸದೆ ಫೈನಾನ್ಸ್ ತೆಗೆದುಕೊಳ್ಳುವ ಹಾಗಿಲ್ಲ. ಮೊದಲ ಫೈನಾನ್ಸ್ ಮುಗಿಸದೆ ಮುಂದಿನ ಫೈನಾನ್ಸ್ ಇಲ್ಲ. ಅದರಲ್ಲೊಂದು ವಿಷಯ ವರ್ಷಕ್ಕೆ ಒಂದೇ ಸೆಮಿಸ್ಟರ್ ಇದ್ದರೆ ಸರಪಳಿ ಅಲ್ಲೇ ನಿಲ್ಲುತ್ತದೆ. ಎರಡು ವರ್ಷದ ಲೆಕ್ಕ ಎರಡೂವರೆ ಆಗುತ್ತದೆ. ಅರ್ಧ ವರ್ಷ ಅಂದರೆ ಶುಲ್ಕ, ಬಾಡಿಗೆ, ಊಟ, ವೀಸಾ ಎಲ್ಲವೂ ಸೇರಿದ ಅರ್ಧ ವರ್ಷ.

ಆದ್ದರಿಂದ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಪದವಿಯ 24 ವಿಷಯಗಳನ್ನು ಬರೆಯಿರಿ. ಯೂನಿವರ್ಸಿಟಿಯ ಹ್ಯಾಂಡ್‌ಬುಕ್‌ನಲ್ಲಿ ಎಲ್ಲವೂ ಸಿಗುತ್ತದೆ. ಬಲಗಡೆ ಡಿಪ್ಲೊಮಾದ ಯಾವ ವಿಷಯ ಯಾವುದಕ್ಕೆ ಕೂರುತ್ತದೆ ಅಂತ ತುಂಬಿಸಿ. ಖಾಲಿ ಉಳಿದ ಸಾಲುಗಳ ಪಕ್ಕದಲ್ಲಿ, ಆ ವಿಷಯಕ್ಕೆ ಮೊದಲು ಏನು ಮುಗಿಸಿರಬೇಕು ಮತ್ತು ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ ಅಂತ ಬರೆಯಿರಿ. ಒಂದು ಮಧ್ಯಾಹ್ನದ ಕೆಲಸ. ಈ ಹಾಳೆ ಇಲ್ಲದೆ ಯಾವ ಕಾಲೇಜಿಗೂ ಹಣ ಕಟ್ಟಬೇಡಿ.

ಹಂತ 4: ಲಿಖಿತವಾಗಿ ಕೇಳಿ

ಹಾಳೆ ಸಿದ್ಧವಾದ ಮೇಲೆ ಯೂನಿವರ್ಸಿಟಿಯ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆಯಿರಿ. ಡಿಪ್ಲೊಮಾ ನಡೆಸುವ ಕಾಲೇಜಿಗೆ ಮಾತ್ರ ಬರೆದರೆ ಸಾಲದು. ಕ್ರೆಡಿಟ್ ಕೊಡುವುದು ಯೂನಿವರ್ಸಿಟಿ.

ಇಮೇಲ್‌ನಲ್ಲಿ ನೇರವಾಗಿ ಕೇಳಿ: "ಈ ಡಿಪ್ಲೊಮಾ ಮುಗಿಸಿದರೆ ಈ ಪದವಿಯ ಈ ಮೇಜರ್‌ನಲ್ಲಿ ಎಷ್ಟು ವಿಷಯಗಳ ಕ್ರೆಡಿಟ್ ಸಿಗುತ್ತದೆ? ಅದರಲ್ಲಿ ನಿರ್ದಿಷ್ಟ ಎಷ್ಟು? ಸರಾಸರಿ ಎಷ್ಟು ಅಂಕ ಬೇಕು? ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಪಾಸಾದರೆ ಆ ಸರಾಸರಿಯಲ್ಲಿ ಫೇಲಾದ ಅಂಕವೂ ಸೇರುತ್ತದೆಯೇ? ಉಳಿದದ್ದು ಎಷ್ಟು ಸೆಮಿಸ್ಟರ್?" ನಾಲ್ಕನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಲವು ಕಡೆ ಫೇಲಾದ ಅಂಕವನ್ನೂ ಸರಾಸರಿಗೆ ಸೇರಿಸುತ್ತಾರೆ. ಕಾಮರ್ಸ್ ಸೀಟು ಕೈತಪ್ಪಲು ಅದೊಂದೇ ಸಾಕು.

ಏಜೆಂಟರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅವರಲ್ಲಿ ಒಳ್ಳೆಯವರು ಇದ್ದಾರೆ, ಅರ್ಜಿ ತುಂಬಲು ನಿಜಕ್ಕೂ ನೆರವಾಗುತ್ತಾರೆ. ಆದರೆ ಅವರಿಗೆ ಕಮಿಷನ್ ಬರುವುದು ಸಾಮಾನ್ಯವಾಗಿ ಕಾಲೇಜಿನಿಂದ. ಯಾವ ಕಾಲೇಜುಗಳ ಜೊತೆ ಒಪ್ಪಂದ ಇದೆಯೋ ಅವುಗಳನ್ನೇ ತೋರಿಸುವುದು ಸಹಜ. ನೀವೇ ಒಮ್ಮೆ ಯೂನಿವರ್ಸಿಟಿಯ ಪುಟಕ್ಕೆ ಹೋಗಿ ನೋಡಿ. ಏಜೆಂಟ್ ಬಾಯಲ್ಲಿ ಹೇಳಿದ ಕ್ರೆಡಿಟ್ ಆಫರ್ ಲೆಟರ್‌ನಲ್ಲಿ ಇಲ್ಲದಿದ್ದರೆ, ಅದು ಇಲ್ಲ ಅಂತಲೇ ತಿಳಿಯಿರಿ.

ಹಂತ 5: ಪ್ಯಾಕೇಜ್ ಆಫರ್ ಮತ್ತು ಅದರ ಕಟ್ಟುಪಾಡು

ಹೊರದೇಶದ ವಿದ್ಯಾರ್ಥಿಗಳಿಗೆ ಡಿಪ್ಲೊಮಾ ಮತ್ತು ಪದವಿ ಎರಡನ್ನೂ ಸೇರಿಸಿ ಒಂದೇ ಆಫರ್ ಕೊಡುವ ಪದ್ಧತಿ ಇದೆ. ಎರಡಕ್ಕೂ ಪ್ರತ್ಯೇಕ ಸಿಒಇ, ಅಂದರೆ ದಾಖಲಾತಿ ದೃಢೀಕರಣ ಪತ್ರ ಬರುತ್ತದೆ. ಅವುಗಳ ಮೇಲೆ ಒಂದೇ ವಿದ್ಯಾರ್ಥಿ ವೀಸಾ, ಅಂದರೆ ಸಬ್‌ಕ್ಲಾಸ್ 500, ಪೂರ್ತಿ ಅವಧಿಗೆ ಸಿಗಬಹುದು. ಮಧ್ಯದಲ್ಲಿ ಮತ್ತೆ ಅರ್ಜಿ ಹಾಕುವ ತಲೆನೋವಿಲ್ಲ. ಪದವಿಗೆ ಹೋಗುವುದು ಖಚಿತವಾಗಿದ್ದರೆ ಪ್ಯಾಕೇಜೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಅದಕ್ಕೆ ಕಟ್ಟುಪಾಡು ಇದೆ. ಮುಖ್ಯ ಕೋರ್ಸಿನ ಮೊದಲ ಆರು ತಿಂಗಳು ಮುಗಿಯುವವರೆಗೆ ಬೇರೆ ಸಂಸ್ಥೆಗೆ ಸುಮ್ನೆ ಬದಲಾಗುವ ಹಾಗಿಲ್ಲ. ಇರುವ ಸಂಸ್ಥೆ ಬಿಡುಗಡೆ ಕೊಡಬೇಕು. ಪ್ಯಾಕೇಜಿನಲ್ಲಿ ಮುಖ್ಯ ಕೋರ್ಸ್ ಅಂದರೆ ಸಾಮಾನ್ಯವಾಗಿ ಕೊನೆಯದು, ಅಂದರೆ ಪದವಿ. ಡಿಪ್ಲೊಮಾಗೆ ಸೇರಿ ಆರು ತಿಂಗಳಾಯಿತು, ಇನ್ನು ಎಲ್ಲಿಗಾದರೂ ಹೋಗಬಹುದು ಅಂದುಕೊಂಡರೆ ತಪ್ಪಾಗುತ್ತದೆ. ಇನ್ನೊಂದು, ವೀಸಾದ 8202 ಅನ್ನುವ ಷರತ್ತು. ಪದವಿ ಮಟ್ಟಕ್ಕೆ ವೀಸಾ ಪಡೆದವರು ಪದವಿ ಬಿಟ್ಟು ಬರೀ ವೃತ್ತಿ ತರಬೇತಿಯ ಡಿಪ್ಲೊಮಾಗೆ ಇಳಿದರೆ ಆ ಷರತ್ತು ಮುರಿದಂತೆ. "ಅಲ್ಲಿಗೆ ಹೋದ ಮೇಲೆ ಶುಲ್ಕ ಕಡಿಮೆ ಇರುವ ಕಾಲೇಜಿಗೆ ಹೋಗಿಬಿಡು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಕ್ಕಳ ವೀಸಾಕ್ಕೇ ಕುತ್ತು ತರುವ ಸಲಹೆ ಅದು.

ಕಾಲೇಜು ಮತ್ತು ಕೋರ್ಸ್ ಎರಡೂ ಕ್ರೈಕಾಸ್ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಇರಬೇಕು. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಕೋರ್ಸಿನ ಅವಧಿ ಎಷ್ಟು ವಾರ ಅನ್ನುವುದೂ ಅಲ್ಲಿ ಇರುತ್ತದೆ. ಕಾಲೇಜು ಮುಚ್ಚಿದರೆ ಬೇರೆ ಕೋರ್ಸ್ ಹುಡುಕಿಕೊಳ್ಳಲು ಅಥವಾ ಕಟ್ಟಿದ ಶುಲ್ಕದ ಉಳಿಕೆ ವಾಪಸ್ ಪಡೆಯಲು ನೆರವಾಗುವ ವ್ಯವಸ್ಥೆ, ಅಂದರೆ ಟ್ಯೂಷನ್ ಪ್ರೊಟೆಕ್ಷನ್ ಸರ್ವಿಸ್, ಪಟ್ಟಿಯಲ್ಲಿರುವ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದೆ.

ಹಂತ 6: ಇಂಗ್ಲಿಷ್, ಹಣ, ವೀಸಾ

ಇಂಗ್ಲಿಷ್ ವಿಷಯದಲ್ಲಿ ಎರಡು ಬೇರೆ ಬೇರೆ ಗೆರೆಗಳಿವೆ. ಒಂದು ಕಾಲೇಜಿನದು, ಇನ್ನೊಂದು ವೀಸಾದ್ದು. ಬಿಸಿನೆಸ್ ಪದವಿಗೆ ನೇರ ಪ್ರವೇಶಕ್ಕೆ ಹಲವು ಯೂನಿವರ್ಸಿಟಿಗಳು ಐಇಎಲ್‌ಟಿಎಸ್ 6.5 ಕೇಳುತ್ತವೆ. ಪಾಥ್‌ವೇ ಡಿಪ್ಲೊಮಾಗೆ ಹಲವು ಕಡೆ 5.5ರಿಂದ 6 ಸಾಕು. ವೀಸಾಕ್ಕೆ 2024ರ ಮಾರ್ಚ್ 23ರಿಂದ ಕನಿಷ್ಠ 6.0 ಬೇಕು. ಇಂಗ್ಲಿಷ್ ತರಬೇತಿಯೂ ಇರುವ ಪಾಥ್‌ವೇ ಅಥವಾ ಫೌಂಡೇಶನ್ ಕೋರ್ಸಿಗೆ 5.5. ನಿಮ್ಮ ಕೋರ್ಸ್ ಈ ವಿನಾಯಿತಿಯೊಳಗೆ ಬರುತ್ತದೆಯೇ ಅಂತ ಕಾಲೇಜಿನಿಂದಲೇ ತಿಳಿದುಕೊಳ್ಳಿ. ಸಾಧ್ಯವಾದರೆ ಮತ್ತೊಮ್ಮೆ ಪರೀಕ್ಷೆ ಬರೆದು 6.5 ತೆಗೆಯಿರಿ. ಪಿಯುಸಿ ಅಂಕ ಚೆನ್ನಾಗಿದ್ದು ಇಂಗ್ಲಿಷ್ ಮಾತ್ರ ಅಡ್ಡ ಬಂದಿದ್ದರೆ, ಡಿಪ್ಲೊಮಾ ಬೇಕಾಗದೆ ನೇರ ಪದವಿಯೇ ಸಿಗಬಹುದು.

ಹಣದ ವಿಷಯ ಬಿಚ್ಚಿ ಹೇಳಬೇಕು. ಪಾಥ್‌ವೇ ಡಿಪ್ಲೊಮಾ ಅಗ್ಗದ ದಾರಿ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅದರ ಶುಲ್ಕ ಪದವಿಯ ಮೊದಲ ವರ್ಷದ ಶುಲ್ಕದ ಹತ್ತಿರಕ್ಕೇ ಬರುತ್ತದೆ. ಹೆಸರುವಾಸಿ ಕಾಲೇಜುಗಳಲ್ಲಿ 30,000 ಆಸ್ಟ್ರೇಲಿಯನ್ ಡಾಲರ್ ದಾಟುತ್ತದೆ. ಡಿಪ್ಲೊಮಾದಿಂದ ಉಳಿಯುವುದು ಹಣಕ್ಕಿಂತ ಹೆಚ್ಚಾಗಿ ಸಮಯ. ಕೆಲವು ಡಿಪ್ಲೊಮಾಗಳು ಎಂಟು ತಿಂಗಳಲ್ಲೇ ಮುಗಿಯುತ್ತವೆ, ಹೆಚ್ಚಿನವು 12 ತಿಂಗಳು.

ವೀಸಾ ಅರ್ಜಿಗೆ ಒಂದು ವರ್ಷದ ಜೀವನ ವೆಚ್ಚ ತೋರಿಸಬೇಕು. 2024ರ ಮೇ 10ರಿಂದ ಇದು ಒಬ್ಬ ವಿದ್ಯಾರ್ಥಿಗೆ 29,710 ಡಾಲರ್. ಇದರ ಜೊತೆ ಮೊದಲ ವರ್ಷದ ಶುಲ್ಕ ಮತ್ತು ಪ್ರಯಾಣದ ಖರ್ಚು. ವೀಸಾ ಅರ್ಜಿ ಶುಲ್ಕ 2025ರ ಜುಲೈ 1ರಿಂದ 2,000 ಡಾಲರ್. ಇಡೀ ಅವಧಿಗೆ ಒಎಸ್‌ಎಚ್‌ಸಿ ಅನ್ನುವ ಆರೋಗ್ಯ ವಿಮೆ ಕಡ್ಡಾಯ. ಈ ಮೊತ್ತಗಳು ಆಗಾಗ ಏರುತ್ತವೆ, ಅರ್ಜಿ ಹಾಕುವ ವಾರದಲ್ಲಿ ಆಸ್ಟ್ರೇಲಿಯಾದ ಗೃಹ ಇಲಾಖೆಯ ಪುಟ ನೋಡಿ. ತರಗತಿಗಳು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಆ ಸಂಬಳ ಕೈಖರ್ಚಿಗೆ, ಊಟಕ್ಕೆ ಆಗುತ್ತದೆ. ಕಾಲೇಜು ಶುಲ್ಕವನ್ನು ಅದರಿಂದಲೇ ಕಟ್ಟುತ್ತೇನೆ ಅಂತ ಲೆಕ್ಕ ಹಾಕಿ ಸಾಲ ಮಾಡಬೇಡಿ, ದಯವಿಟ್ಟು.

ಅರ್ಜಿಯಲ್ಲಿ ನೀವು ನಿಜವಾದ ವಿದ್ಯಾರ್ಥಿ ಅಂತ ತೋರಿಸುವ ಪ್ರಶ್ನೆಗಳಿವೆ. ಒಂದೊಂದಕ್ಕೂ 150 ಪದಗಳ ಮಿತಿ. ಈ ಕೋರ್ಸ್ ಯಾಕೆ, ಈ ಸಂಸ್ಥೆ ಯಾಕೆ, ಇದರಿಂದ ಮುಂದೆ ಏನು ಉಪಯೋಗ ಅಂತ ಕೇಳುತ್ತಾರೆ. ನೀವು ಹಂತ 3ರಲ್ಲಿ ಮಾಡಿದ ಹಾಳೆ ಇಲ್ಲಿ ಕೈಹಿಡಿಯುತ್ತದೆ. "ಈ ಡಿಪ್ಲೊಮಾದ ಎಂಟು ವಿಷಯಗಳು ಪದವಿಯ ಮೊದಲ ವರ್ಷವನ್ನು ಮುಗಿಸುತ್ತವೆ, ನಂತರ ಎರಡು ವರ್ಷ ಫೈನಾನ್ಸ್ ಮೇಜರ್ ಓದುತ್ತೇನೆ" ಅನ್ನುವ ವಾಕ್ಯಕ್ಕೆ ಇರುವ ತೂಕ, ಇನ್ನೊಬ್ಬರಿಂದ ಬರೆಸಿದ ಹೊಗಳಿಕೆಯ ಪುಟಕ್ಕೆ ಇರುವುದಿಲ್ಲ.

ಪದವಿ ನಂತರ ಅಲ್ಲೇ ಕೆಲಸ ಮಾಡುವ ಯೋಚನೆ ಇದ್ದರೆ ಸಬ್‌ಕ್ಲಾಸ್ 485 ವೀಸಾದ ಓದಿನ ಷರತ್ತು ತಿಳಿದಿರಲಿ. ಕ್ರೈಕಾಸ್ ಪಟ್ಟಿಯ ಪ್ರಕಾರ ಕನಿಷ್ಠ 92 ವಾರಗಳ ಓದು ಆಸ್ಟ್ರೇಲಿಯಾದಲ್ಲಿ ಆಗಿರಬೇಕು, ಅದು 16 ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಮುಗಿದಿರಬಾರದು. ಭಾರತದಲ್ಲೇ ಒಂದಷ್ಟು ಓದಿ ಅದಕ್ಕೆ ತುಂಬಾ ಕ್ರೆಡಿಟ್ ಪಡೆದವರು ಇಲ್ಲಿ ಎಡವಬಹುದು. ಸಿಕ್ಕಿದಷ್ಟೂ ಕ್ರೆಡಿಟ್ ಒಳ್ಳೆಯದೇ ಅನ್ನುವ ಹಾಗಿಲ್ಲ.

ಅಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳಿಗೆ

ಮಗ ಅಥವಾ ಮಗಳಿಗೆ 12ನೇ ತರಗತಿಯ ನಂತರ ಯೂನಿವರ್ಸಿಟಿ ಪ್ರವೇಶಕ್ಕೆ ನೋಡುವ ಎಟಾರ್ ರ‍್ಯಾಂಕ್ ಸಾಲದೆ ಬಂದಿದ್ದರೆ ಡಿಪ್ಲೊಮಾ ದಾರಿ ನಿಮಗೂ ತೆರೆದಿದೆ, ಅದೂ ಹೆಚ್ಚು ಸಲೀಸಾಗಿ. ಪೌರತ್ವ ಇದ್ದವರಿಗೆ ವೀಸಾದ ಮಾತೇ ಇಲ್ಲ. ಮುಗಿಸಿದ ಡಿಪ್ಲೊಮಾ ಇದ್ದರೆ ಎಟಾರ್ ಬದಿಗಿಟ್ಟು ಅದರ ಆಧಾರದ ಮೇಲೆಯೇ ಪ್ರವೇಶ ಕೇಳಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಿ ಯುಎಸಿ, ವಿಕ್ಟೋರಿಯಾದಲ್ಲಿ ವಿಟ್ಯಾಕ್, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ಯೂಟ್ಯಾಕ್ ಅನ್ನುವ ಪ್ರವೇಶ ಕೇಂದ್ರಗಳ ಮೂಲಕ ಅರ್ಜಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ಶುಲ್ಕದ್ದು. ಸೀಟು ಸರ್ಕಾರದ ನೆರವಿನದೋ ಅಥವಾ ಪೂರ್ತಿ ಶುಲ್ಕದ್ದೋ? ನೆರವಿನ ಸೀಟಿಗೆ ಹೆಕ್ಸ್-ಹೆಲ್ಪ್ ಸಾಲ, ಪೂರ್ತಿ ಶುಲ್ಕದ ಸೀಟಿಗೆ ಫೀ-ಹೆಲ್ಪ್ ಸಾಲ, ವೃತ್ತಿ ತರಬೇತಿಗೆ ವೆಟ್ ಸ್ಟೂಡೆಂಟ್ ಲೋನ್ ಇದೆ. ಎರಡನೆಯದರಲ್ಲಿ ಮಗುವಿನ ತಲೆಯ ಮೇಲೆ ಬೀಳುವ ಸಾಲ ಜಾಸ್ತಿ. 2021ರ ಬದಲಾವಣೆಯ ನಂತರ ಕಾಮರ್ಸ್ ವಿಷಯಗಳು ನೆರವಿನ ಸೀಟಿನಲ್ಲೂ ಅತಿ ಹೆಚ್ಚು ಶುಲ್ಕದ ಗುಂಪಿನಲ್ಲಿವೆ. ಪರ್ಮನೆಂಟ್ ರೆಸಿಡೆಂಟ್ ಆದವರಿಗೆ ನೆರವಿನ ಸೀಟು ಸಿಕ್ಕಿದರೂ ಈ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಶುಲ್ಕವನ್ನು ಮುಂಗಡ ಕಟ್ಟಬೇಕಾಗುತ್ತದೆ.

ಹಂತ 7: ಡಿಪ್ಲೊಮಾ ಓದುವ ತಿಂಗಳುಗಳು

ಪಾಸಿಗೆ 50. ನಮ್ಮಲ್ಲಿ 90 ಕಂಡು ಬೆಳೆದ ಮಕ್ಕಳು 65 ಬಂದಾಗ ಕಂಗಾಲಾಗುತ್ತಾರೆ, ಮನೆಯಲ್ಲಿ ಅಪ್ಪ ಅಮ್ಮನೂ ಹಾಗೆಯೇ. ಅಲ್ಲಿ 65 ಒಳ್ಳೆಯ ಅಂಕ. ಅತ್ಯುನ್ನತ ದರ್ಜೆ ಮೊನಾಶ್‌ನಲ್ಲಿ 80ಕ್ಕೆ, ಯುಟಿಎಸ್‌ನಲ್ಲಿ 85ಕ್ಕೆ ಶುರುವಾಗುತ್ತದೆ. ಫೋನಿನಲ್ಲಿ ಬೈಯುವ ಮೊದಲು ಇದು ನೆನಪಿರಲಿ.

ಕೊನೆಯ ಪರೀಕ್ಷೆಯೊಂದನ್ನೇ ನಂಬಿ ಓದುವ ರೂಢಿ ಅಲ್ಲಿ ನಡೆಯುವುದಿಲ್ಲ. ಮೂರನೇ, ನಾಲ್ಕನೇ ವಾರದಿಂದಲೇ ಕ್ವಿಜ್, ವರದಿ, ಗುಂಪಿನ ಅಸೈನ್‌ಮೆಂಟ್ ಬರುತ್ತವೆ. ಪುಸ್ತಕದಿಂದ ಸಾಲುಗಳನ್ನು ಎತ್ತಿ ಬರೆದರೆ ಸಾಫ್ಟ್‌ವೇರ್ ಹಿಡಿಯುತ್ತದೆ, ಶಿಕ್ಷೆಯೂ ಇರುತ್ತದೆ. ಯಾರ ಮಾತು ಯಾರದು ಅಂತ ಉಲ್ಲೇಖಿಸುವುದನ್ನು ಮೊದಲ ವಾರದಲ್ಲೇ ಕಲಿಯಿರಿ. ಪಾಥ್‌ವೇ ಕಾಲೇಜಿನಲ್ಲಿ ತರಗತಿ ಚಿಕ್ಕದು, ಮೇಷ್ಟ್ರು ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ. ಪದವಿಗೆ ಹೋದ ಮೇಲೆ ನೂರಾರು ಜನರ ಉಪನ್ಯಾಸ. ಪ್ರಶ್ನೆ ಕೇಳುವ ಸಂಕೋಚವನ್ನು ಇಲ್ಲೇ ಬಿಟ್ಟುಬಿಡಬೇಕು.

ಒಂದು ವಿಷಯ ಫೇಲಾದರೆ ಆ ವಿಷಯಕ್ಕೆ ಮತ್ತೆ ಪೂರ್ತಿ ಶುಲ್ಕ. ಜೊತೆಗೆ ಪದವಿ ಶುರುವಾಗುವ ದಿನವೂ ಜಾರುತ್ತದೆ. ಯೂನಿವರ್ಸಿಟಿಗಳು ಹೆಚ್ಚಾಗಿ ಫೆಬ್ರುವರಿ-ಮಾರ್ಚ್ ಮತ್ತು ಜುಲೈನಲ್ಲಿ ತೆಗೆದುಕೊಳ್ಳುತ್ತವೆ. ಆಗ ಸಿಒಇ ಬದಲಾಯಿಸಬೇಕು, ಕೆಲವೊಮ್ಮೆ ವೀಸಾ ಅವಧಿಯೂ ಸಾಲದೆ ಬರುತ್ತದೆ. ಓದು ಜಾರುತ್ತಿದೆ ಅನ್ನಿಸಿದ ಮೊದಲ ವಾರವೇ ಕಾಲೇಜಿನ ವಿದ್ಯಾರ್ಥಿ ಸಹಾಯ ವಿಭಾಗಕ್ಕೆ ಹೋಗಿ. ಅವರು ವಿದ್ಯಾರ್ಥಿಗಳ ಪ್ರಗತಿ ಗಮನಿಸಿ ನೆರವು ಕೊಡಬೇಕು ಅಂತ ನಿಯಮವೇ ಇದೆ. ಮುಚ್ಚಿಟ್ಟುಕೊಳ್ಳುವ ಮಕ್ಕಳೇ ಹೆಚ್ಚು ಕಷ್ಟಕ್ಕೆ ಸಿಲುಕುವುದು.

ಹಂತ 8: ಪದವಿಗೆ ಕಾಲಿಡುವಾಗ

ಡಿಪ್ಲೊಮಾದ ಅಂಕಪಟ್ಟಿ, ಪ್ರಮಾಣಪತ್ರ ಮತ್ತು ಪ್ರತಿ ವಿಷಯದ ಪಠ್ಯಕ್ರಮದ ಪ್ರತಿ ಇಟ್ಟುಕೊಳ್ಳಿ. ಪದವಿಯ ಅಂಕಪಟ್ಟಿಯಲ್ಲಿ ಮೊದಲ ವರ್ಷದ ಜಾಗದಲ್ಲಿ ಬರೀ 'ಕ್ರೆಡಿಟ್' ಅಂತ ಇರಬಹುದು. ಮುಂದೆ ಮಾಸ್ಟರ್ಸ್‌ಗೆ, ಸಿಪಿಎಗೆ ಅಥವಾ ಭಾರತದಲ್ಲಿ ತತ್ಸಮಾನ ಪತ್ರ ಪಡೆಯಲು ಆ ವರ್ಷ ಏನು ಓದಿದಿರಿ ಅಂತ ತೋರಿಸಬೇಕಾಗುತ್ತದೆ.

ನೋಂದಣಿಗೆ ಮೊದಲು ಆನ್‌ಲೈನ್ ಖಾತೆಗೆ ಹೋಗಿ ಸಿಕ್ಕಿರುವ ಕ್ರೆಡಿಟ್ ನೋಡಿ. ನಿಮ್ಮ ಹಳೆಯ ಹಾಳೆಯ ಜೊತೆ ಸಾಲು ಸಾಲಾಗಿ ಹೋಲಿಸಿ. ನಿರ್ದಿಷ್ಟ ಕ್ರೆಡಿಟ್ ಬರಬೇಕಾದ ಕಡೆ ಅನಿರ್ದಿಷ್ಟ ಬಂದಿದ್ದರೆ, ಹಂತ 4ರಲ್ಲಿ ಬಂದ ಇಮೇಲ್ ಲಗತ್ತಿಸಿ ತಿದ್ದುಪಡಿ ಕೇಳಿ. ಗಡಿಬಿಡಿಯಲ್ಲಿ, ಈಗಾಗಲೇ ಕ್ರೆಡಿಟ್ ಇರುವ ವಿಷಯಕ್ಕೇ ಮತ್ತೆ ಹೆಸರು ಹಾಕಿಸಿಕೊಂಡಿಲ್ಲ ಅಂತಲೂ ನೋಡಿಕೊಳ್ಳಿ.

ಇದೆಲ್ಲವನ್ನೂ ಸೆನ್ಸಸ್ ದಿನಾಂಕದ ಒಳಗೆ ಮುಗಿಸಬೇಕು. ಆ ದಿನ ದಾಟಿದ ಮೇಲೆ ವಿಷಯ ಬಿಟ್ಟರೂ ಅದರ ಶುಲ್ಕ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಹಲವು ಯೂನಿವರ್ಸಿಟಿಗಳಲ್ಲಿ ಮೊದಲ ಸೆಮಿಸ್ಟರಿಗೆ ಇದು ಮಾರ್ಚ್ 31, ಎರಡನೆಯದಕ್ಕೆ ಆಗಸ್ಟ್ 31. ನಿಮ್ಮ ಯೂನಿವರ್ಸಿಟಿಯ ದಿನಾಂಕ ನೋಡಿ, ಅದಕ್ಕೆ ಎರಡು ವಾರ ಮೊದಲೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ತಿದ್ದುಪಡಿಯ ಉತ್ತರ ಬರಲು ಅಷ್ಟು ದಿನ ಬೇಕಾಗಬಹುದು.